ಕಿವಿಯ ರಂಗಭೂಮಿ

ನಮ್ಮ ಪ್ರಾಚೀನ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿ, ನಾಟಕವನ್ನು ದೃಶ್ಯದ ಪಾಲಿಗೆ ಕೊಟ್ಟರು. ಶತಮಾನಗಳಿಂದ ನಿಂತಿದ್ದ ಆ ವಿಂಗಡಣೆಯನ್ನು ಅಲುಗಿಸಿದ್ದು ರೇಡಿಯೋ ಎಂಬ ಮರದ ಪೆಟ್ಟಿಗೆ. 1924ರ ಜನವರಿ 15ರಂದು ಲಂಡನ್ನಿನ ಬಿ.ಬಿ.ಸಿ.ಯು ರಿಚರ್ಡ್ ಹ್ಯೂಸ್ ಎಂಬ ತರುಣ ಲೇಖಕನ ನಾಟಕವೊಂದನ್ನು ಪ್ರಸಾರ ಮಾಡಿತು. ಬಾನುಲಿಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಅದೊಂದು. ಕಲ್ಲಿದ್ದಲ ಗಣಿಯಲ್ಲಿ ದೀಪವಾರಿ, ಕತ್ತಲೆಯಲ್ಲಿ ಸಿಕ್ಕಿಕೊಂಡವರ ಕಥೆ ಅದು. ಪಾತ್ರಗಳಿಗೆ ಏನೂ ಕಾಣದು, ಕೇಳುವವನಿಗೂ ಕಾಣದು. ಹೀಗೆ ಪಾತ್ರ ಮತ್ತು ಶ್ರೋತೃ ಒಂದೇ ಕತ್ತಲೆಯಲ್ಲಿ ಕುಳಿತಾಗ ಕಿವಿಯೇ ರಂಗಭೂಮಿಯಾಯಿತು.

ಕನ್ನಡ ನಾಡಿಗೂ ಈ ವಿದ್ಯೆ ಬಹಳ ತಡವಾಗಿ ಬರಲಿಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ಭಾರತದ ಬಾನುಲಿಯ ಹೆಸರಾಯಿತು. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಜನಕ್ಕೆ ‘ನಮ್ಮ ಕೇಂದ್ರ’ ಎನಿಸಿದ್ದು 1950ರ ಜನವರಿ 8ರಂದು ಧಾರವಾಡದಲ್ಲಿ ಆರಂಭವಾದ ಕೇಂದ್ರ. ಆಗ ಈ ಊರುಗಳೆಲ್ಲ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯೊಳಗಿದ್ದವು. ಕನ್ನಡಿಗರಿಗೆ ಒಂದು ರಾಜ್ಯ ದೊರೆತದ್ದು 1956ರ ನವೆಂಬರಿನಲ್ಲಿ. ಆಡಳಿತ ಕನ್ನಡವಾಗುವುದಕ್ಕೆ ಆರು ವರ್ಷ ಮೊದಲೇ ಇಲ್ಲಿಯ ಆಕಾಶ ಕನ್ನಡವಾಗಿತ್ತು ಎಂದರೆ ಉತ್ಪ್ರೇಕ್ಷೆಯೇನಲ್ಲ.

ಆ ಕಾಲದ ಬಾನುಲಿಯ ಒಂದು ದಿನವನ್ನು ನೆನೆಯಿರಿ. ಬೆಳಗಿನ ಮಂಗಳಧ್ವನಿ, ಚಿಂತನ, ವಾರ್ತೆ. ಮಧ್ಯಾಹ್ನ ಮಹಿಳೆಯರಿಗಾಗಿ ಮಾತು. ಸಂಜೆ ರೈತರೊಡನೆ ಸಂವಾದ. ರಾತ್ರಿ ಭಾಷಣ, ರೂಪಕ, ನಾಟಕ. ರೇಡಿಯೋ ಇಡಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಿಗೆ ಪಡೆಯಬೇಕಾಗಿದ್ದ ದಿನಗಳವು. ಓಣಿಗೊಂದು ರೇಡಿಯೋ ಇದ್ದರೆ ಹೆಚ್ಚು. ಆದ್ದರಿಂದ ಕೇಳುವುದು ಒಬ್ಬೊಬ್ಬರ ಕೆಲಸವಾಗಿರಲಿಲ್ಲ, ಕಟ್ಟೆಯ ಮೇಲೆ ಕೂಡಿದವರೆಲ್ಲರ ಕೆಲಸವಾಗಿತ್ತು. ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನ ಕೈ, ಕಾಲು, ಕಣ್ಣು ಮೂರೂ ಕೆಲಸದಲ್ಲಿ ತೊಡಗಿರುತ್ತವೆ. ಬಿಡುವಿರುವುದು ಕಿವಿಗೆ ಮಾತ್ರ. ಆ ಕಿವಿಯನ್ನು ತುಂಬಲು ಬಾನುಲಿಗಿಂತ ತಕ್ಕ ಸಂಗಾತಿ ಬೇರೊಂದಿಲ್ಲ.

ಬಾನುಲಿ ಬರುವ ಮೊದಲೂ ಈ ಸೀಮೆಯ ಜನರದು ಪಳಗಿದ ಕಿವಿಯೇ. ಹುನಗುಂದ ತಾಲ್ಲೂಕಿನ ಕಂದಗಲ್ಲಿನಲ್ಲಿ ಹುಟ್ಟಿದ ಹನುಮಂತರಾಯರು ‘ರಕ್ತರಾತ್ರಿ’ಯಂಥ ನಾಟಕಗಳನ್ನು ಬರೆದು ವೃತ್ತಿರಂಗಭೂಮಿಗೆ ಮಾತಿನ ಮಹಾಪೂರವನ್ನೇ ಹರಿಸಿದರು. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಗೆ ಇಂದಿಗೂ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಡೇರೆಯ ಕಟ್ಟಕಡೆಯ ಸಾಲಿನವನಿಗೆ ನಟನ ಮುಖ ಕಂಡಿತೋ ಇಲ್ಲವೋ, ಮಾತು ಮಾತ್ರ ಮುಟ್ಟಲೇಬೇಕಾಗಿತ್ತು. ಅಂಥ ಪ್ರೇಕ್ಷಕನು ಅರ್ಧ ಶ್ರೋತೃವೇ. ಬಾನುಲಿ ನಾಟಕವು ಅವನನ್ನು ಪೂರ್ಣ ಶ್ರೋತೃವನ್ನಾಗಿ ಮಾಡಿತು.

ಆದರೆ ಕಂಪನಿ ನಾಟಕದ ಅಬ್ಬರ ಮೈಕಿನ ಮುಂದೆ ನಡೆಯದು. ಅಲ್ಲಿ ಸಾವಿರ ಜನರಿಗೆ ಒಮ್ಮೆಗೇ ಕೂಗಬೇಕು. ಇಲ್ಲಿ ಸಾವಿರ ಜನರಲ್ಲಿ ಒಬ್ಬೊಬ್ಬನ ಕಿವಿಯಲ್ಲಿಯೂ ಬೇರೆಬೇರೆಯಾಗಿ ಉಸುರಬೇಕು. ಆದ್ದರಿಂದ ಪುಸ್ತಕದ ಭಾಷೆ ಹಿಂದೆ ಸರಿದು ಮನೆಯ ಮಾತು ಮುಂದೆ ಬಂದಿತು. ಧಾರವಾಡ ಕೇಂದ್ರಕ್ಕೆ ಬೇಂದ್ರೆಯವರು ಸಲಹೆಗಾರರಾಗಿದ್ದರು; ‘ಎನ್ಕೆ’ ಎಂದೇ ಪ್ರಸಿದ್ಧರಾದ ಎನ್.ಕೆ. ಕುಲಕರ್ಣಿಯವರು ಅಲ್ಲಿ ದುಡಿದು ಬಾನುಲಿಗೆ ನಾಟಕಗಳನ್ನು ಬರೆದುಕೊಟ್ಟರು. ‘ಏನ್ರೀ’, ‘ಹೌದಲ್ಲೋ’ ಎನ್ನುವ ಮಾತು, ನಗೆಯಾಡುವುದಕ್ಕೆ ಮಾತ್ರವಲ್ಲದೆ ನೋಯುವುದಕ್ಕೂ ಯೋಚಿಸುವುದಕ್ಕೂ ತಕ್ಕದ್ದೆಂದು ಬಾನುಲಿ ತೋರಿಸಿಕೊಟ್ಟಿತು.

ಇದು ಸಣ್ಣ ಸಂಗತಿಯಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಸೀಮೆಯದೆಂದು ಹೇಳುವಾಗ ಕಿಸುವೊಳಲನ್ನು ಹೆಸರಿಸುತ್ತದೆ. ಕಿಸುವೊಳಲೆಂದರೆ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲು. ಅಂದು ತಿರುಳ್ಗನ್ನಡವೆನಿಸಿದ ನೆಲದ ಆಡುಮಾತು, ಸಾವಿರ ವರ್ಷ ಕಳೆದ ಮೇಲೆ ಒರಟೆನಿಸಿಕೊಂಡು ಹಾಸ್ಯಪಾತ್ರಗಳ ಬಾಯಲ್ಲಿ ಉಳಿಯುವ ಸ್ಥಿತಿಗೆ ಬಂದಿತ್ತು. ಅದಕ್ಕೆ ಹಳೆಯ ಮರ್ಯಾದೆಯನ್ನು ಮರಳಿ ತಂದವರಲ್ಲಿ ಸಾಹಿತಿಗಳೊಡನೆ ಬಾನುಲಿಯನ್ನೂ ಎಣಿಸಬೇಕು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಬಾನುಲಿ ನಾಟಕವೂ ಹಾಗೆಯೇ. ಒಡಲು ನಾಟಕಕಾರನದು; ಸೆರಗು ಶ್ರೋತೃವಿನದು. ಬಾಗಿಲು ಕಿರುಗುಟ್ಟಿದ ಸದ್ದು ಅಲ್ಲಿಂದ ಬರುತ್ತದೆ. ಬಾಗಿಲನ್ನು ಕಟ್ಟಿ ನಿಲ್ಲಿಸುವವನು ಕೇಳುವವನು. ತೆರೆಯ ಮೇಲೆ ಎಲ್ಲವನ್ನೂ ಸಿದ್ಧಪಡಿಸಿ ಕೊಡುವ ದೂರದರ್ಶನವು ನಮ್ಮ ಈ ಪಾಲನ್ನು ತಾನೇ ವಹಿಸಿಕೊಂಡಿತು. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೆಯ ಓಣಿಗಳನ್ನು ನುಂಗಿ, ಕಟ್ಟೆಯ ಮೇಲೆ ಕೂಡಿ ಕೇಳುತ್ತಿದ್ದವರು ನವನಗರದ ಬೇರೆಬೇರೆ ಬಡಾವಣೆಗಳಿಗೆ ಚೆದರಿದರು. ಇಂದು ಕಿಸೆಯೊಳಗಿನ ದೂರವಾಣಿಯಲ್ಲಿಯೇ ಆಕಾಶವಾಣಿ ಸಿಗುತ್ತದೆ. ಕೊರತೆ ಯಂತ್ರದ್ದಲ್ಲ. ಅರ್ಧ ಗಂಟೆ ಸುಮ್ಮನೆ ಕುಳಿತು ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳುವ ವ್ಯವಧಾನವೇ ಕಡಿಮೆಯಾಗಿದೆ. ಕೇಳುವ ಅಭ್ಯಾಸ ತಪ್ಪಿದ ಸಮಾಜದಲ್ಲಿ ಎಲ್ಲರೂ ಮಾತನಾಡುತ್ತಾರೆ, ಸಂವಾದ ಮಾತ್ರ ನಡೆಯದು.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ವಿನಂತಿ. ವಾರದಲ್ಲಿ ಒಂದು ರಾತ್ರಿ ಮನೆಯ ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿಕೊಂಡು ಒಂದು ಬಾನುಲಿ ನಾಟಕವನ್ನು ಕೇಳಿರಿ. ಮುಗಿದ ಮೇಲೆ ಆ ಮನೆ ಹೇಗಿತ್ತು, ಆ ಮುದುಕಿ ಹೇಗಿದ್ದಳು ಎಂದು ಒಬ್ಬೊಬ್ಬರನ್ನೂ ಕೇಳಿರಿ. ಕೇಳಿದ್ದು ಒಂದೇ ನಾಟಕವಾದರೂ ಒಬ್ಬರು ಕಂಡ ಮನೆ ಇನ್ನೊಬ್ಬರದಾಗಿರುವುದಿಲ್ಲ. ಅಷ್ಟು ಮನೆಗಳನ್ನು ಖರ್ಚಿಲ್ಲದೆ ಕಟ್ಟಿಕೊಡುವ ಶಕ್ತಿ ಬರಿಯ ಮಾತಿಗೆ ಇದೆ.