ಸೊನ್ನೆ ಬಿಲ್ಲಿನ ಹಿಂದಿರುವ ಲೆಕ್ಕ

(ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯ ಇಂಧನದ ಖರ್ಚನ್ನು ಸರಳವಾಗಿ ತಗ್ಗಿಸುವುದು ಹೇಗೆ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ಸಭೆಗೆ ಬರುವ ದಾರಿಯಲ್ಲಿ ಹಿರಿಯರೊಬ್ಬರು ನನ್ನನ್ನು ತಡೆದು, "ಕರೆಂಟು ಬಿಲ್ಲು ಸೊನ್ನೆ ಬರುತ್ತಿದೆಯಲ್ಲ ಸ್ವಾಮಿ, ಇನ್ನು ಉಳಿಸುವುದಾದರೂ ಏನನ್ನು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ ಆಗಿದೆ. ಆದುದರಿಂದ ಅದಕ್ಕೆ ಉತ್ತರ ಹೇಳುವುದರಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿಯೊಂದು ಮನೆಗೂ 200 ಯೂನಿಟ್ ಉಚಿತ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವ ಹಾಗಿಲ್ಲ. 2022–23ನೇ ಸಾಲಿನಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು, ಅದರ ಮೇಲೆ ಶೇಕಡ 10ರಷ್ಟನ್ನು ಕೂಡಿಸಿ ಉಚಿತದ ಮಿತಿಯನ್ನು ಗೊತ್ತುಪಡಿಸಲಾಯಿತು. ತೀರ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಸ್ವಲ್ಪ ರಿಯಾಯಿತಿ ದೊರೆಯಿತು. ಮಿತಿಯನ್ನು ದಾಟಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. 200ನ್ನು ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಮ್ಮ ತಪ್ಪಲಿನ ಬಹುಪಾಲು ಮನೆಗಳು ಎರಡು ದೀಪ, ಒಂದು ಫ್ಯಾನು, ಒಂದು ಟೀವಿಯ ಮನೆಗಳು. ಹೀಗಾಗಿ ನಮ್ಮ ಮಿತಿಯೂ ಚಿಕ್ಕದು. ಸೊನ್ನೆಯ ಬಿಲ್ಲು ತೆಳುವಾದ ಗೋಡೆಯ ಮೇಲೆ ನಿಂತಿದೆಯೆಂಬುದನ್ನು ನಾವು ಮರೆಯಬಾರದು.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಮ್ಮ ಮನೆಗಳಿಗೆ ಬರುವ ಬಿಲ್ಲು ಒಂದಲ್ಲ, ಮೂರು. ಒಂದು, ಕಾಗದದ ಮೇಲೆ ಬರುವ ವಿದ್ಯುತ್ ಬಿಲ್ಲು. ಎರಡು, ಸಿಲಿಂಡರಿಗೆ ಕೊಡುವ ಹಣ. ಮೂರನೆಯದನ್ನು ಯಾವ ಕಾಗದವೂ ತೋರಿಸುವುದಿಲ್ಲ. ಅದು ತಾಯಂದಿರ ತಲೆಯ ಮೇಲಿನ ಸೌದೆಯ ಹೊರೆ. ಮೊದಲನೆಯದು ಸೊನ್ನೆಯಾದ ಮಾತ್ರಕ್ಕೆ ಮೂರನೆಯದು ಇಳಿದಿಲ್ಲ.

ನಮ್ಮ ನೆರೆಯ ತಾಯಿಯೊಬ್ಬರ ಮನೆಯಲ್ಲಿ ಗ್ಯಾಸ್ ಸಂಪರ್ಕವಿದೆ. ಕಳೆದ ಬೇಸಿಗೆಯಲ್ಲಿ ಸಿಲಿಂಡರ್ ಬರಿದಾಯಿತು. ಕೂಲಿಯ ಹಣ ಕೈಗೆ ಬರಲು ಇನ್ನೂ ಹತ್ತು ದಿನವಿತ್ತು. ಆಕೆ ಬೆಳಗಿನ ಮಬ್ಬಿನಲ್ಲಿ ಕಾಡಂಚಿಗೆ ಸೌದೆಗೆ ಹೋದರು. ಹೊರೆ ಕಟ್ಟುವ ಹೊತ್ತಿಗೆ ಮರಿಯೊಂದಿಗಿದ್ದ ಆನೆ ಎದುರಾಯಿತು. ಹೊರೆಯನ್ನೂ ಕತ್ತಿಯನ್ನೂ ಅಲ್ಲಿಯೇ ಬಿಟ್ಟು ಓಡಿ ಬಂದರು. ಮೊಣಕಾಲಿನ ಗಾಯ ಮಾಯಲು ಮೂರು ವಾರ ಹಿಡಿಯಿತು. ಸಿಲಿಂಡರ್ ಹತ್ತು ದಿನ ಹೆಚ್ಚು ಬಾಳಿದ್ದರೆ ಆಕೆ ಅಂದು ಕಾಡಿಗೆ ಹೋಗುತ್ತಿರಲಿಲ್ಲ. ಆದುದರಿಂದ ಇಂದು ನಾನು ಹೇಳಬೇಕಾದ ಮಾತೆಲ್ಲವೂ ಆ ಹತ್ತು ದಿನಗಳನ್ನು ಗಳಿಸುವ ಬಗೆಯನ್ನು ಕುರಿತದ್ದಾಗಿದೆ.

ಈ ಕಾಡು 1973ರಿಂದ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು. ರಾಷ್ಟ್ರೀಯ ಉದ್ಯಾನದೊಳಗಿನಿಂದ ಸೌದೆ ತರುವುದು ಕಾನೂನಿಗೆ ವಿರುದ್ಧ ಎಂಬುದು ನಿಮಗೆಲ್ಲ ತಿಳಿದಿದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ವಲಯದಲ್ಲಿ ಎದ್ದ ಬೆಂಕಿ ಸಾವಿರಾರು ಎಕರೆಯನ್ನು ಸುಟ್ಟ ದಿನಗಳೂ ನೆನಪಿನಲ್ಲಿವೆ. ಕಾಡು ಸೊರಗಿದರೆ ಆನೆ ಹೊಲಕ್ಕೆ ಬರುತ್ತದೆ; ಸೌದೆಯ ಬಿಲ್ಲನ್ನು ನಾವು ಬೆಳೆಯ ರೂಪದಲ್ಲಿಯೂ ತೆರುತ್ತೇವೆ. ಈ ನಂಟನ್ನು ಅರಿತೇ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರು 'ನಮ್ಮ ಸಂಘ'ವನ್ನು ಕಟ್ಟಿ, ಬಂಡೀಪುರದ ಸುತ್ತಲಿನ ಹಳ್ಳಿಗಳ ಮನೆಗಳಿಗೆ ಅಡುಗೆ ಅನಿಲ ದೊರಕುವಂತೆ ಶ್ರಮಿಸಿದರು. 2016ರಲ್ಲಿ ಕೇಂದ್ರ ಸರ್ಕಾರದ ಉಜ್ವಲ ಯೋಜನೆಯೂ ಬಂದಿತು. ಒಲೆ ಮನೆಗೆ ಬಂದಾಯಿತು. ಅದು ಆರದಂತೆ ನೋಡಿಕೊಳ್ಳುವುದು ಈಗ ನಮ್ಮ ಪಾಲಿನ ಕೆಲಸ.

ಮಿತ್ರರೆ, ಮನೆಯಲ್ಲಿ ನಮ್ಮ ಗಮನಕ್ಕೆ ಬಾರದಂತೆ ಬಹಳಷ್ಟು ಇಂಧನವನ್ನು ನುಂಗುವುದು ಯಾವುದು? ದೀಪವೂ ಅಲ್ಲ, ಟೀವಿಯೂ ಅಲ್ಲ. ಅದು ಸ್ನಾನದ ನೀರು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಒಂದು ಕಿಲೋ ಕ್ಯಾಲರಿ ಶಾಖ ಬೇಕು. ಒಬ್ಬರಿಗೆ 20 ಲೀಟರ್ ನೀರು. ಅದನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 500 ಕಿಲೋ ಕ್ಯಾಲರಿ ಬೇಕಾಗುತ್ತದೆ. ನಾಲ್ವರ ಮನೆಗೆ ದಿನಕ್ಕೆ 2,000.

ಅಡುಗೆ ಅನಿಲದ ಒಂದು ಕಿಲೋಗ್ರಾಮಿನಲ್ಲಿ ಸುಮಾರು 11,000 ಕಿಲೋ ಕ್ಯಾಲರಿ ಶಾಖವಿದ್ದು, ಅದರಲ್ಲಿ ಶೇಕಡ 60ರಷ್ಟು ಪಾತ್ರೆಗೆ ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಆಗ ನಾಲ್ವರ ಸ್ನಾನಕ್ಕೆ ದಿನಕ್ಕೆ 300 ಗ್ರಾಂ, ತಿಂಗಳಿಗೆ 9 ಕಿಲೋಗ್ರಾಂ ಅನಿಲ ಬೇಕು. ಸಿಲಿಂಡರಿನಲ್ಲಿ ಇರುವುದು 14.2 ಕಿಲೋಗ್ರಾಂ. ಅಂದರೆ ಮೂರರಲ್ಲಿ ಸುಮಾರು ಎರಡು ಪಾಲು ಬಚ್ಚಲಿಗೇ ಹರಿದುಹೋಯಿತು. ಇದೇ ನೀರನ್ನು ವಿದ್ಯುತ್ ಕಾಯಿಲಿನಿಂದ ಕಾಯಿಸಿದರೆ ತಿಂಗಳಿಗೆ ಸುಮಾರು 70 ಯೂನಿಟ್. ಚಿಕ್ಕ ಮಿತಿಯ ಮನೆಗೆ ಒಂದು ಕಾಯಿಲು ಬಂದರೆ ಸೊನ್ನೆಯ ಬಿಲ್ಲಿನ ಗೋಡೆ ಬಿದ್ದಂತೆಯೇ. ಹಂಡೆಯ ಒಲೆಯಲ್ಲಿ ಉರಿಯ ಶೇಕಡ 15ರಷ್ಟು ಮಾತ್ರ ನೀರಿಗೆ ಸೇರಿದರೆ, ದಿನಕ್ಕೆ ಮೂರೂವರೆಯಿಂದ ನಾಲ್ಕು ಕಿಲೋ ಒಣಸೌದೆ ಬೇಕು. ತಿಂಗಳಿಗೆ ನೂರು ಕಿಲೋವನ್ನು ಮೀರುತ್ತದೆ. ಅಡುಗೆಗೆ ಗ್ಯಾಸ್ ಬಂದ ಮೇಲೆಯೂ ಕಾಡಿನ ದಾರಿ ಸವೆಯುತ್ತಲೇ ಇರುವುದಕ್ಕೆ ಕಾರಣ ಇಲ್ಲಿದೆ.

ಇದಕ್ಕೆ ಮೊದಲ ಉಪಾಯ ಸೂರ್ಯ. 100 ಲೀಟರಿನ ಸೌರ ನೀರು ಕಾಯಿಸುವ ಸಾಧನ ಒಂದು ಮನೆಗೆ ಸಾಕು. ಮಂಜು ಕವಿಯುವ ಮಳೆಗಾಲದ ದಿನಗಳನ್ನು ಬಿಟ್ಟರೆ ಉಳಿದ ಕಾಲವೆಲ್ಲ ಅದು ಕೆಲಸ ಮಾಡುತ್ತದೆ. ಅದನ್ನು ಕೊಳ್ಳುವ ಶಕ್ತಿ ಇಲ್ಲದವರು ತಗಡಿನ ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು, ಮುಚ್ಚಿ, ಗಾಳಿ ಬಡಿಯದ ಬಿಸಿಲಿನ ಜಾಗದಲ್ಲಿ ಇಡಲಿ. ಸಂಜೆಯ ಹೊತ್ತಿಗೆ ನೀರು ಬೆಚ್ಚಗಾಗಿರುತ್ತದೆ. ಹೊಲದಿಂದ ಬಂದವರು ಸಂಜೆಯೇ ಸ್ನಾನ ಮಾಡಿದರೆ ಒಲೆ ಹಚ್ಚುವ ಅಗತ್ಯವೇ ಬಾರದು. ಬೇರೆ ಕಾಯಿಸಬೇಕಾದರೂ ತಣ್ಣೀರಿನಿಂದ ಆರಂಭಿಸುವುದಕ್ಕಿಂತ ಅರ್ಧದಷ್ಟು ಇಂಧನ ಸಾಕು.

ಎರಡನೆಯ ಉಪಾಯ ಒಲೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಹಳ್ಳಿಯ ಮನೆಗೆಂದೇ ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ ಹೆಮ್ಮೆ. ಅದರ ತತ್ತ್ವ ಸರಳವಾದುದು. ಸೌದೆಯ ಕೆಳಗೆ ಜಾಲರಿಯಿದ್ದು ಗಾಳಿ ಕೆಳಗಿನಿಂದ ಬರುತ್ತದೆ. ಬಿಸಿ ಹೊಗೆ ಹೊರಗೆ ಹೋಗುವ ಮೊದಲು ಮುಂದಿನ ಪಾತ್ರೆಗಳನ್ನು ತಟ್ಟಿಕೊಂಡು ಹೋಗುತ್ತದೆ. ಹೊಗೆ ಕೊಳವೆಯ ಮೂಲಕ ಹೊರಬೀಳುವುದರಿಂದ ತಾಯಂದಿರ ಕಣ್ಣು ಮತ್ತು ಎದೆ ಉಳಿಯುತ್ತವೆ. ಹಂಡೆಯ ಒಲೆಗೂ ಇದೇ ತತ್ತ್ವವನ್ನು ಅನ್ವಯಿಸಬಹುದು. ಹಂಡೆಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಮಾತ್ರ ಸಂದು ಬಿಟ್ಟು ಮಣ್ಣಿನಿಂದ ಕಟ್ಟಿ, ಹಂಡೆಗೆ ಮುಚ್ಚಳ ಹಾಕಿದರೆ ಉರಿ ಹೊರಗೆ ಚೆಲ್ಲುವುದಿಲ್ಲ. ಉರಿಯ ಶೇಕಡ 30ರಷ್ಟು ನೀರಿಗೆ ಸೇರಿದರೆ ಸೌದೆ ಅರ್ಧಕ್ಕೆ ಇಳಿಯಿತು.

ಮೂರನೆಯದು ಸೌದೆಯನ್ನೇ ಕುರಿತದ್ದು. ಹಸಿ ಸೌದೆಯಲ್ಲಿ ಅರ್ಧದಷ್ಟು ತೂಕ ನೀರೇ ಇರುತ್ತದೆ. ಉರಿಯ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲಿಯೇ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ಸೀಳಿ, ಒಣಗಿಸಿ, ಮಾಡಿನ ಕೆಳಗೆ ಜೋಡಿಸಿಟ್ಟ ಸೌದೆ ಮಳೆಗಾಲದಲ್ಲಿ ಹೆಚ್ಚು ದಿನ ಬಾಳುತ್ತದೆ. ನಮ್ಮ ಹೊಲಗಳಲ್ಲಿಯೇ ಉರುವಲಿಗೆ ಕೊರತೆಯಿಲ್ಲ. ತೊಗರಿಯ ಕಡ್ಡಿ, ಹತ್ತಿಯ ಕಡ್ಡಿ, ಜೋಳದ ತೆನೆಯ ದಿಂಡು, ತೆಂಗಿನ ಮಟ್ಟೆ – ಇವನ್ನು ಹೊಲದ ಮೂಲೆಯಲ್ಲಿ ಸುಡುವುದನ್ನು ಬಿಟ್ಟು ಬಚ್ಚಲಿನ ಒಲೆಗೆ ತರಬೇಕು. ಬದುವಿನ ಮೇಲೆ ಗೊಬ್ಬರದ ಗಿಡವನ್ನು ಸಾಲಾಗಿ ನೆಟ್ಟರೆ ಸೊಪ್ಪು ಹೊಲಕ್ಕೆ, ಕೊಂಬೆ ಒಲೆಗೆ ಆಗುತ್ತದೆ. ಸ್ವಂತ ಜಮೀನಿನಲ್ಲಿ ಹಬ್ಬಿರುವ ಲಂಟಾನವನ್ನು ಕಡಿದು ಒಣಗಿಸಿದರೂ ಒಳ್ಳೆಯ ಉರುವಲೇ.

ಇನ್ನು ಅಡುಗೆಮನೆಗೆ ಬರೋಣ. ಹುರುಳಿ, ಅವರೆ, ಕಡಲೆಗಳನ್ನು ಹಿಂದಿನ ರಾತ್ರಿಯೇ ನೆನೆಸಿಡುವುದು ನಮ್ಮ ಅಜ್ಜಿಯರ ಪದ್ಧತಿ. ಅದು ಇಂಧನ ಶಾಸ್ತ್ರವೂ ಹೌದು. ನೀರು ಕುದಿ ಬಂದ ಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ಅದರ ಬಿಸಿ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಆದುದರಿಂದ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಹಾಕಬೇಕು. ಕುಕ್ಕರಿನಲ್ಲಿಯೂ ಮೊದಲ ಕೂಗಿನ ನಂತರ ಉರಿ ಸಣ್ಣದಾಗಬೇಕು. ಕುದಿಯುತ್ತಿರುವ ಅನ್ನದ ಪಾತ್ರೆಯನ್ನು ಇಳಿಸಿ, ಒಣಹುಲ್ಲು ಒತ್ತಿ ತುಂಬಿದ ಬುಟ್ಟಿಯಲ್ಲಿಟ್ಟು ಮೇಲೆ ಗೋಣಿ ಹೊದಿಸಿದರೆ ಉಳಿದ ಬೇಯುವಿಕೆ ಉರಿಯಿಲ್ಲದೆಯೇ ನಡೆಯುತ್ತದೆ. ಒಲೆಯ ಉರಿ ಹಳದಿಯಾಗಿ ಪಾತ್ರೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ರಂಧ್ರಗಳು ಕಟ್ಟಿವೆಯೆಂದು ತಿಳಿಯಿರಿ. ಸಿಲಿಂಡರ್ ಜೋಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬರೆದಿಟ್ಟ ಮನೆಯಲ್ಲಿ ಅದು ಕೆಲವು ದಿನ ಹೆಚ್ಚು ಬಾಳುವುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನಾನು ಸಗಣಿಯ ವಿಷಯವನ್ನು ಹೇಳದೆ ಇರಲಾರೆ. ಇಲ್ಲಿಯೇ ಇರುವ ಹಂಗಳವನ್ನು ಕುರಿತು ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕಾಫಿಯ ಬೆಲೆ ಏರಿದಾಗ ತೋಟಗಳಿಗೆ ಗೊಬ್ಬರದ ಬೇಡಿಕೆ ಹೆಚ್ಚಿ, ಊರಿನ ಹೊಲಕ್ಕೆ ಬೀಳುತ್ತಿದ್ದ ಸಗಣಿ ಮಾರಾಟದ ಸರಕಾಯಿತು. ಅದರಿಂದ ಕಾಡಿನಲ್ಲಿ ಮೇಯುವ ದನಗಳ ಒತ್ತಡವೂ ಬೆಳೆಯಿತು ಎಂದು ಅದು ತೋರಿಸಿತು. ಲಾರಿಯಲ್ಲಿ ಹೋಗುವ ಸಗಣಿಯೊಂದಿಗೆ ನಮ್ಮ ಹೊಲದ ಸಾರವೂ ಒಲೆಯ ಉರಿಯೂ ಹೋಗುತ್ತವೆ. ಮೂರು ನಾಲ್ಕು ದನಗಳಿರುವ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ ದೊರೆತರೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಘಟಕ ನಡೆಯುತ್ತದೆ. ಒಂದು ಘನಮೀಟರ್ ಅನಿಲ ಸುಮಾರು 400 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ. ಅನಿಲ ತೆಗೆದ ಮೇಲೆಯೂ ಬಗ್ಗಡದಲ್ಲಿ ಸಾರಜನಕ ಉಳಿದಿರುತ್ತದೆ. ಅದು ಹೊಲಕ್ಕೆ ಒಳ್ಳೆಯ ಗೊಬ್ಬರ. ಸಗಣಿಯನ್ನು ಮಾರುವ ಮುನ್ನ ಈ ಎರಡು ಲಾಭಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ನೆನಪಿಡಬೇಕಾದ ಲೆಕ್ಕ ಒಂದೇ: 1,000 ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. 60 ವ್ಯಾಟಿನ ಹಳೆಯ ಬುರುಡೆ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಬೆಳಕನ್ನು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪ ಒಂದೂವರೆ ಯೂನಿಟ್ಟನ್ನೂ ಮುಟ್ಟುವುದಿಲ್ಲ. 75 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್. 30 ವ್ಯಾಟಿನ ಹೊಸ ಬಗೆಯ ಫ್ಯಾನಿಗೆ 7 ಯೂನಿಟ್ ಸಾಕು. ಟೀವಿಯನ್ನು ರಿಮೋಟಿನಿಂದ ಆರಿಸಿದರೂ ಸೆಟ್‌ಟಾಪ್ ಪೆಟ್ಟಿಗೆ ವಿದ್ಯುತ್ ಕುಡಿಯುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸುವುದು ಒಳ್ಳೆಯದು. ಮಾಡಿನಲ್ಲಿ ಒಂದು ಗಾಜಿನ ಹೆಂಚು ಹಾಕಿದರೆ ಹಗಲಿನಲ್ಲಿ ದೀಪವೇ ಬೇಡ.

ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಆದರೆ ನೀರು ಉಚಿತವಲ್ಲ. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಸಾಲಿನಲ್ಲಿ ಗುಂಡ್ಲುಪೇಟೆಯ ಹೆಸರೂ ಸೇರಿದೆ. ಕರೆಂಟು ಬಂದಾಗ ತಾನಾಗಿಯೇ ಹೊರಡುವ ಮೋಟರು ರಾತ್ರಿಯೆಲ್ಲ ತುಂಬಿದ ಹೊಲಕ್ಕೇ ನೀರು ಸುರಿದರೆ, ಅದರ ಬಿಲ್ಲು ಮುಂದಿನ ಕೊಳವೆಬಾವಿಯ ಆಳದಲ್ಲಿ ಬರುತ್ತದೆ.

ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ತಪ್ಪಲಿನ ಗುಡಿಸಲುಗಳು ದೀಪಕ್ಕಾಗಿ ಬಹುಕಾಲ ಕಾದವು. ಕಾದು ಪಡೆದುದನ್ನು ಎಚ್ಚರದಿಂದ ಬಳಸುವುದು ಜಿಪುಣತನವಲ್ಲ. ಬೆಟ್ಟಕ್ಕೆ ಬರುವ ಭಕ್ತರು ತಮ್ಮ ವಾಹನಗಳನ್ನು ಕೆಳಗೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗುತ್ತಾರೆ. ದೇವರ ದರ್ಶನಕ್ಕೆ ಅದರಿಂದೇನೂ ಕೊರತೆಯಾಗಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮೂರು ಬಿಲ್ಲುಗಳನ್ನೂ ಒಂದು ತಿಂಗಳು ಬರೆದಿಡಿ: ಮೀಟರಿನ ಯೂನಿಟ್ಟು, ಸಿಲಿಂಡರ್ ಬಾಳಿದ ದಿನಗಳು, ಮತ್ತು ಅಮ್ಮ ಸೌದೆಗೆ ಹೋದ ಗಂಟೆಗಳು. ಮೂರನೆಯ ಸಾಲನ್ನು ಸೊನ್ನೆ ಮಾಡುವುದು ನಮ್ಮ ಗುರಿಯಾಗಲಿ. ಆ ಸೊನ್ನೆಯನ್ನು ಯಾವ ಸರ್ಕಾರವೂ ಕೊಡಲಾರದು, ನಾವೇ ಗಳಿಸಬೇಕು.