ನಾಡಿಯ ಲೆಕ್ಕ, ಒತ್ತಡದ ಲೆಕ್ಕ



ಬೀಟಾ ಬ್ಲಾಕರ್ ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ನಾಡಿ ನಿಧಾನವಾಗುತ್ತದೆ. ರಕ್ತದೊತ್ತಡ ಅಷ್ಟು ಬೇಗ ಮಣಿಯುವುದಿಲ್ಲ. ಪೂರ್ತಿ ಇಳಿಯಲು ಒಂದೆರಡು ವಾರ ಬೇಕು. ಇಂದಿನ ಚರ್ಚೆ ಈ ಅಂತರದಿಂದಲೇ ಶುರುವಾಗಲಿ ಎಂಬುದು ನನ್ನ ಆಶಯ.

ಈ ಮದ್ದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಹುಡುಕಿದ್ದು ಬಿಪಿಯ ಮದ್ದನ್ನಲ್ಲ. ಎದೆನೋವಿನ ರೋಗಿಗಳ ಹೃದಯಕ್ಕೆ ಬೇಕಾಗುವ ಆಮ್ಲಜನಕವನ್ನೇ ತಗ್ಗಿಸಬೇಕು ಎಂಬುದು ಅವರ ಯೋಚನೆ. 1948ರಲ್ಲಿ ಆಲ್ಕ್ವಿಸ್ಟ್ ಹೇಳಿದ್ದ ಬೀಟಾ ಗ್ರಾಹಕಗಳ ಮಾತು ಅವರಿಗೆ ದಾರಿಯಾಯಿತು, ಪ್ರೊಪ್ರನೊಲಾಲ್ ಬಂತು. ಆ ಮದ್ದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು 1964ರಲ್ಲಿ ತೋರಿಸಿದವರು ಲಂಡನ್ನಿನ ಬ್ರಯಾನ್ ಪ್ರಿಚರ್ಡ್. ಅನೇಕರು ಅದನ್ನು ತಕ್ಷಣ ನಂಬಲಿಲ್ಲ. ಅವರ ಅನುಮಾನಕ್ಕೆ ಕಾರಣವಿತ್ತು. ಹೃದಯ ಹೊರಹಾಕುವ ರಕ್ತ ಕಡಿಮೆಯಾದಾಗ ರಕ್ತನಾಳಗಳು ಮೊದಮೊದಲು ಬಿಗಿಯುತ್ತವೆ. ಆ ಬಿಗಿ ಮೆಲ್ಲಗೆ ಸಡಿಲವಾದ ಮೇಲೆಯೇ ಒತ್ತಡ ನಿಜವಾಗಿ ಇಳಿಯುವುದು. ಮೂತ್ರಪಿಂಡದಿಂದ ಬರುವ ರೆನಿನ್ ತಗ್ಗುವುದೂ ಇದಕ್ಕೆ ನೆರವಾಗುತ್ತದೆ.

ನಿಧಾನವಾದ ನಾಡಿ ಯಾವಾಗಲೂ ಲಾಭವೇ? ಅಟೆನೊಲಾಲ್ ಎಂಬ ಬೀಟಾ ಬ್ಲಾಕರನ್ನು ಬೇರೆ ಬಿಪಿ ಮದ್ದಿನೊಂದಿಗೆ ಹೋಲಿಸಿದ 2006ರ ಕೆಫೆ ಅಧ್ಯಯನ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ತೋಳಿನಲ್ಲಿ ಅಳೆದ ಒತ್ತಡ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಮಹಾಪಧಮನಿಯ ಸಂಕೋಚನದ ಒತ್ತಡ ಅಟೆನೊಲಾಲ್ ಗುಂಪಿನಲ್ಲಿ ಸುಮಾರು 4 ಮಿ.ಮೀ. ಹೆಚ್ಚು. ಹೃದಯ ನಿಧಾನಿಸಿದಾಗ ಅದರ ಹಿಂಡುವಿಕೆಯೂ ದೀರ್ಘವಾಗುತ್ತದೆ. ಅದು ಮುಗಿಯುವ ಮೊದಲೇ ಮರಳಿ ಬರುವ ಅಲೆ ಮಹಾಪಧಮನಿಗೆ ಬಂದು ಬಡಿಯುತ್ತದೆ. ನಾವು ತೋಳಿಗೆ ಪಟ್ಟಿ ಕಟ್ಟಿ ನೋಡುತ್ತೇವೆ. ಮಿದುಳು ತಾಳಿಕೊಳ್ಳಬೇಕಾದದ್ದು ಆ ಒಳಗಿನ ಒತ್ತಡವನ್ನು. 2002ರ ಲೈಫ್ ಅಧ್ಯಯನದಲ್ಲಿ ಲೊಸಾರ್ಟನ್ ಪಡೆದವರಿಗೆ ಅಟೆನೊಲಾಲ್ ಪಡೆದವರಿಗಿಂತ ಶೇ. 25ರಷ್ಟು ಕಡಿಮೆ ಪಾರ್ಶ್ವವಾಯು ಆದದ್ದನ್ನು ಇದರ ಜೊತೆಗಿಟ್ಟು ಓದಬೇಕು. ಬರೀ ಬಿಪಿ ಇರುವ ವಯಸ್ಸಾದ ರೋಗಿಗೆ ಅಟೆನೊಲಾಲನ್ನೇ ಮೊದಲ ಗುಳಿಗೆಯಾಗಿ ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಸೋತ ಹೃದಯದ ಕಥೆಯೇ ಬೇರೆ. ಒಂದು ಕಾಲಕ್ಕೆ ಅಲ್ಲಿ ಬೀಟಾ ಬ್ಲಾಕರ್ ನಿಷಿದ್ಧವಾಗಿತ್ತು. 1999ರ ಅಧ್ಯಯನವೊಂದರಲ್ಲಿ ಬಿಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಅಂಥ ರೋಗಿಗಳ ಸಾವನ್ನು ಶೇ. 34ರಷ್ಟು ತಗ್ಗಿಸಿತು. ಕಡಿಮೆ ಪ್ರಮಾಣದಿಂದ ಆರಂಭಿಸಿ, ಮೆಲ್ಲಗೆ ಏರಿಸಬೇಕು, ಅಷ್ಟೇ.

ಇನ್ನೊಂದು ಮಾತು. "ಬಿಪಿ ನಾರ್ಮಲ್ ಆಯ್ತಲ್ಲ ಡಾಕ್ಟ್ರೇ, ಮಾತ್ರೆ ಬಿಟ್ಟೆ" ಎನ್ನುವವರು ನಮ್ಮೆಲ್ಲರ ಬಳಿಗೂ ಬರುತ್ತಾರೆ. ತಡೆಗೆ ಒಗ್ಗಿದ ಹೃದಯದಲ್ಲಿ ಬೀಟಾ ಗ್ರಾಹಕಗಳು ಹೆಚ್ಚಿರುತ್ತವೆ. ಮದ್ದು ಒಮ್ಮೆಲೇ ನಿಂತರೆ ನಾಡಿ ಓಡುತ್ತದೆ, ಎದೆನೋವು ಮರುಕಳಿಸುತ್ತದೆ, ಹೃದಯಾಘಾತವೂ ಆಗಬಹುದು. ಆದ್ದರಿಂದ ವೈದ್ಯಮಿತ್ರರಾದ ನಿಮ್ಮಲ್ಲಿ ನನ್ನದೊಂದು ವಿನಂತಿ: ಬೀಟಾ ಬ್ಲಾಕರ್ ಬರೆದ ಪ್ರತಿ ಚೀಟಿಯಲ್ಲೂ ಅದನ್ನು ಯಾತಕ್ಕೆ ಕೊಟ್ಟಿದ್ದೀರಿ ಎಂಬುದನ್ನೂ, ಕೇಳದೆ ನಿಲ್ಲಿಸಬಾರದು ಎಂಬುದನ್ನೂ ಕನ್ನಡದಲ್ಲಿ ಬರೆದುಕೊಡಿ.