ಎರಡು ಅಂಗುಲ ಕಡಿಮೆಯಾದ ಹಗ್ಗ
(ವಾರ್ಷಿಕೋತ್ಸವದ ಉಪನ್ಯಾಸದ ಬರಹರೂಪ)

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||



ಶ್ರೀಮದ್ಭಾಗವತದ ದಶಮ ಸ್ಕಂಧದಲ್ಲಿ ಯಶೋದೆಯು ಮಗನನ್ನು ವಿಚಾರಿಸುವ ಎರಡು ಪ್ರಸಂಗಗಳು ಸರ್ವರಿಗೂ ಪರಿಚಿತವಾದವು. ಮೊದಲನೆಯದು ಮಣ್ಣು ತಿಂದ ಕಥೆ. ಬಲರಾಮನೂ ಜೊತೆಯ ಗೋಪಬಾಲಕರೂ ಬಂದು ದೂರು ಹೇಳುತ್ತಾರೆ. ತಾಯಿಯು ಮಗನ ಕೈಹಿಡಿದು ನಿಲ್ಲಿಸಿ, ಮುಖ ನೋಡಿ ಕೇಳುತ್ತಾಳೆ. ಮಗನು ತಾನು ತಿಂದೇ ಇಲ್ಲವೆನ್ನುತ್ತಾನೆ. ಹಾಗಿದ್ದರೆ ಬಾಯಿ ತೆರೆದು ತೋರಿಸು ಎನ್ನುತ್ತಾಳೆ. ತೆರೆದ ಬಾಯಿಯಲ್ಲಿ ಬ್ರಹ್ಮಾಂಡವೇ ಕಂಡದ್ದು ಮುಂದಿನ ಮಾತು. ಮಗು ಮಲಗಿರುವಾಗ ಮೆಲ್ಲನೆ ಬಾಯಿ ಬಿಡಿಸಿ ನೋಡುವ ಉಪಾಯ ಯಶೋದೆಗೆ ಹೊಳೆಯಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಎರಡನೆಯದು ಒರಳಿಗೆ ಕಟ್ಟಿದ ಕಥೆ. ಮೊಸರಿನ ಗಡಿಗೆಯನ್ನು ಒಡೆದು, ಬೆಣ್ಣೆಯನ್ನು ಕೋತಿಗೆ ತಿನ್ನಿಸುತ್ತಿದ್ದ ಮಗನನ್ನು ಕಟ್ಟಲು ತಾಯಿ ಹಗ್ಗ ತಂದಳು. ಎರಡು ಅಂಗುಲ ಕಡಿಮೆಯಾಯಿತು. ಇನ್ನೊಂದನ್ನು ಸೇರಿಸಿದಳು, ಮತ್ತೆ ಎರಡೇ ಅಂಗುಲ ಕಡಿಮೆ. ಮನೆಯಲ್ಲಿದ್ದ ಹಗ್ಗಗಳೆಲ್ಲ ಮುಗಿದವು, ಮೈ ಬೆವರಿತು, ಮುಡಿದ ಹೂವು ಜಾರಿ ಬಿತ್ತು. ಕಡೆಗೆ ತಾಯಿಯ ಆಯಾಸವನ್ನು ಕಂಡು ಕೃಷ್ಣನೇ ಕಟ್ಟಿಸಿಕೊಂಡನು. ಇದರ ತತ್ತ್ವಾರ್ಥವನ್ನು ವಿವರಿಸಲು ಪಂಡಿತರಿದ್ದಾರೆ. ಇಂದಿನ ವಿಷಯಕ್ಕೆ ಬೇಕಾದದ್ದು ಆ ಎರಡು ಅಂಗುಲ ಮಾತ್ರ.

ವಿಷಯವೆಂದರೆ ಹದಿಹರೆಯದ ಮಕ್ಕಳ ಕೈಯಲ್ಲಿರುವ ಮೊಬೈಲು, ಅದರೊಳಗಿನ ಸಾಮಾಜಿಕ ಜಾಲತಾಣ, ಮತ್ತು ಅದರ ಮೇಲೆ ತಂದೆತಾಯಿಗಳು ಇಡುವ ಕಣ್ಣು.

2004ರಲ್ಲಿ ಆರ್ಕುಟ್ ಬಂದ ಕಾಲದಲ್ಲಿ ಗಣಕಯಂತ್ರವು ಮನೆಯ ನಡುಕೋಣೆಯಲ್ಲಿ, ರಾಯರ ಚಿತ್ರವಿರುವ ಕ್ಯಾಲೆಂಡರಿನ ಕೆಳಗೆ ಇರುತ್ತಿತ್ತು. ಅಡುಗೆಮನೆಯಿಂದ ಹೊರಗೆ ಬಂದವರಿಗೆ, ಸಂಧ್ಯಾವಂದನೆಗೆ ಕುಳಿತವರಿಗೆ, ಎಲ್ಲರಿಗೂ ಅದರ ಪರದೆ ಕಾಣುತ್ತಿತ್ತು. ಆಗ ನಿಗಾ ಇಡುವುದು ಎಂಬ ಮಾತೇ ಬೇಕಾಗಿರಲಿಲ್ಲ. 2020ರ ಮಾರ್ಚಿನ ಲಾಕ್‌ಡೌನ್ ನಂತರ ಶಾಲೆಯೇ ಮೊಬೈಲಿಗೆ ಬಂದಿತು. ಮುಂಬಯಿ, ಪುಣೆಯ ಎರಡು ಕೋಣೆಯ ಮನೆಗಳಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳಿಗೂ ಪ್ರತ್ಯೇಕ ಫೋನ್ ಕೊಡಿಸಿದವರು ಹಿರಿಯರೇ. ಶಾಲೆಗಳು ಮತ್ತೆ ತೆರೆದವು, ಫೋನ್ ಮಾತ್ರ ಹಿಂದಕ್ಕೆ ಬರಲಿಲ್ಲ.

ಎಷ್ಟನೆಯ ವಯಸ್ಸಿಗೆ ಜಾಲತಾಣ ಯೋಗ್ಯ ಎಂಬುದರಲ್ಲಿ ಲೋಕಕ್ಕೆ ಏಕಾಭಿಪ್ರಾಯವಿಲ್ಲ. ಬಹುತೇಕ ಜಾಲತಾಣಗಳು ಹೇಳುವ 13 ವರ್ಷದ ಮಿತಿಯು ಅಮೆರಿಕದಲ್ಲಿ 1998ರಲ್ಲಿ ಆದ ಒಂದು ಕಾಯಿದೆಯಿಂದ ಬಂದದ್ದು. ಅದು ಮಕ್ಕಳ ಮಾಹಿತಿಯನ್ನು ಸಂಗ್ರಹಿಸುವ ಬಗೆಗಿನ ಕಾಯಿದೆ. 13ಕ್ಕೆ ಮಗುವಿನ ವಿವೇಕ ಬಲಿಯುತ್ತದೆಯೆಂದು ಅದರಲ್ಲಿ ಯಾರೂ ಹೇಳಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಆಸ್ಟ್ರೇಲಿಯವು 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆಯನ್ನೇ ನಿಷೇಧಿಸಿತು. ಮಗನಿಗೆ ಹದಿನಾರಾದಾಗ ಮಿತ್ರನಂತೆ ಕಾಣಬೇಕೆಂದು ನಮ್ಮ ನೀತಿಕಾರರು ಹೇಳಿದ್ದೂ ಅದೇ ಸಂಖ್ಯೆ.

ವಯಸ್ಸಿನ ಮಾತಿನಲ್ಲೇ ಒಂದು ಲೋಪವನ್ನು ಹೇಳಿಬಿಡಬೇಕು. ಖಾತೆ ತೆರೆಯುವಾಗ ಮಗುವಿನ ಜನ್ಮವರ್ಷವನ್ನು ಸುಳ್ಳಾಗಿ ಬರೆಯಲು ಎಷ್ಟೋ ಮನೆಗಳಲ್ಲಿ ತಂದೆತಾಯಿಗಳೇ ನೆರವಾಗುತ್ತಾರೆ. ಜಾತಕಕ್ಕೆ ಘಳಿಗೆ-ವಿಘಳಿಗೆಗಳ ಲೆಕ್ಕ ಕೊಡುವ ಮನೆಯಲ್ಲಿ ಇದು ನಡೆಯುತ್ತದೆ! ಇದರ ನಷ್ಟ ಸಣ್ಣದಲ್ಲ. ಇನ್‌ಸ್ಟಾಗ್ರಾಮ್ 2024ರಲ್ಲಿ ಹದಿಹರೆಯದವರಿಗೆಂದು ಪ್ರತ್ಯೇಕ ಖಾತೆಯ ವ್ಯವಸ್ಥೆಯನ್ನು ಪ್ರಕಟಿಸಿ, 2025ರಲ್ಲಿ ಭಾರತಕ್ಕೂ ತಂದಿತು. ಅದರಲ್ಲಿ ಖಾತೆಯು ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರು ಸಂದೇಶ ಕಳುಹಿಸಲಾಗದು, 16 ತುಂಬದವರು ಈ ಕಟ್ಟನ್ನು ಸಡಿಲಿಸಬೇಕಾದರೆ ಪಾಲಕರ ಒಪ್ಪಿಗೆ ಬೇಕು. ಇಷ್ಟೂ ರಕ್ಷಣೆಯು ಆ ಜನ್ಮವರ್ಷವನ್ನು ಆಧರಿಸಿದೆ. ಹದಿಮೂರರ ಹುಡುಗಿಯನ್ನು ಹತ್ತೊಂಬತ್ತೆಂದು ಬರೆದ ದಿನವೇ ಆಕೆಯ ಬಾಗಿಲಿನ ಅಗುಳಿ ತೆಗೆದಂತಾಯಿತು.

ಇನ್ನು ಒಂದು ಮನೆಯ ಸಂಗತಿ. ಮುಂಬಯಿಯ ಉಪನಗರವೊಂದರಲ್ಲಿರುವ ಕುಟುಂಬ, ಮೂಲತಃ ಧಾರವಾಡದ ಕಡೆಯವರು, ಹೆಸರು ಅನಾವಶ್ಯಕ. ಹತ್ತನೆಯ ತರಗತಿಯ ಮಗಳು, ಇಬ್ಬರೂ ನೌಕರಿಯಲ್ಲಿರುವ ತಂದೆತಾಯಿ, ಎಪ್ಪತ್ತೆಂಟು ವಯಸ್ಸಿನ ಅಜ್ಜಿ. ಪತ್ರಿಕೆಯ ಯಾವುದೋ ಸುದ್ದಿಯಿಂದ ಗಾಬರಿಗೊಂಡ ತಂದೆ, ಮಗಳು ಮಲಗಿದ್ದಾಗ ಆಕೆಯ ಮೊಬೈಲಿನಲ್ಲಿ ಒಂದು ಗುಪ್ತ ಆ್ಯಪ್ ಅಳವಡಿಸಿದರು. ಅಂದಿನಿಂದ ಮಗಳಿಗೆ ಬಂದ, ಮಗಳಿಂದ ಹೋದ ಸಂದೇಶಗಳೆಲ್ಲ ತಂದೆಯ ಫೋನಿನಲ್ಲೂ ಮೂಡತೊಡಗಿದವು. ಲೋಕಲ್ ಗಾಡಿಯಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು, ಇನ್ನೊಂದರಲ್ಲಿ ಅವುಗಳನ್ನು ಓದುವುದು ನಿತ್ಯಕರ್ಮವಾಯಿತು.

ಓದಿದರೇನು, ಅರ್ಥವಾಗಬೇಕಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರೊಡನೆ ರೋಮನ್ ಲಿಪಿಯಲ್ಲಿ ಬರೆದ ಹಿಂದಿ-ಮರಾಠಿ, ನಡುನಡುವೆ ಎರಡಕ್ಷರದ ಸಂಕೇತಗಳು. ಒಂದು ಮಧ್ಯಾಹ್ನ ಮಗಳು ಗೆಳತಿಗೆ 'ಮೈ ತೋ ಮರ್ ಗಯೀ' ಎಂದು ಬರೆದದ್ದು ಕಂಡಿತು. ಗೆಳತಿಯ ಉತ್ತರದಲ್ಲಿ ಅಳುವ ಮುಖಗಳು. ತಂದೆ ಅರ್ಧ ದಿನದ ರಜೆ ಬರೆದಿಟ್ಟು ಓಡಿಬಂದರು. ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ಹಚ್ಚಿದ ಅವಲಕ್ಕಿ ತಿನ್ನುತ್ತಿದ್ದಳು. ಗಣಿತದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು, ಅಷ್ಟೇ.

"ನಿಮಗ ಹ್ಯಾಂಗ ಗೊತ್ತಾತು ಅಪ್ಪಾ?" ಎಂದು ಮಗಳು ಕೇಳಿದಳು. ತಂದೆಯ ಬಳಿ ಉತ್ತರವಿರಲಿಲ್ಲ.

ಹುಡುಗಿ ಜಗಳವಾಡಲಿಲ್ಲ. ದಿನವೂ ಸಂಜೆ ಕೇಳದೆಯೇ ಫೋನನ್ನು ತಂದು ಮೇಜಿನ ಮೇಲಿಡತೊಡಗಿದಳು. ಅದರಲ್ಲಿ ಏನೂ ಇರುತ್ತಿರಲಿಲ್ಲ. ಇದ್ದದ್ದೆಲ್ಲ ಹಳೆಯ ಟ್ಯಾಬ್ಲೆಟ್ಟಿನಲ್ಲಿ, ಬೇರೊಂದು ಹೆಸರಿನ ಎರಡನೆಯ ಖಾತೆಯಲ್ಲಿತ್ತು. ಯಶೋದೆಯ ಹಗ್ಗಕ್ಕೆ ಸಾಲದೆ ಬಂದ ಎರಡು ಅಂಗುಲವೆಂದರೆ ಇದೇ. ಒಮ್ಮೆ ನೋಡಿದರೆ ಅಳಿದುಹೋಗುವ ಚಿತ್ರ, ಗಡುವು ಮುಗಿದೊಡನೆ ಮಾಯವಾಗುವ ಸಂದೇಶ, ಗೆಳತಿಯ ಫೋನ್, ಹೀಗೆ ದಾರಿಗಳು ಅನೇಕ. ಹೊಸ ಆ್ಯಪ್ ಎಷ್ಟು ಜೋಡಿಸಿದರೂ ಅಷ್ಟೇ ಅಂತರ ಉಳಿಯುತ್ತದೆ.

ಗುಪ್ತ ಆ್ಯಪ್‌ಗಳ ಇನ್ನೊಂದು ಮುಖ ಅನೇಕ ಪಾಲಕರಿಗೆ ತಿಳಿಯದು. ವಾಟ್ಸಾಪಿನ ಸಂದೇಶಗಳು 2016ರಿಂದ ದಾರಿಯಲ್ಲಿ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಸಾಗುತ್ತವೆ. ಆದ್ದರಿಂದ ಇಂಥ ಆ್ಯಪ್ ಫೋನಿನೊಳಗೇ ಕುಳಿತು, ಪರದೆಯ ಮೇಲೆ ಮೂಡಿದ್ದನ್ನು ನಕಲು ಮಾಡಿ, ಮೊದಲು ತನ್ನ ಕಂಪನಿಯ ಭಂಡಾರಕ್ಕೆ ಕಳುಹಿಸುತ್ತದೆ. ಅಲ್ಲಿಂದ ಅದು ತಂದೆಗೆ ಬರುತ್ತದೆ. ಅಂದರೆ ಮಗಳ ಚಿತ್ರ, ಮಾತು, ಓಡಾಟ ಎಲ್ಲವೂ ಮೊದಲು ಪರಕೀಯರ ಕೈಸೇರುತ್ತವೆ. ವಿದೇಶದ ಇಂಥ ಒಂದೇ ಕಂಪನಿಯಿಂದ 2015, 2018 ಮತ್ತು 2024ರಲ್ಲಿ, ಮೂರು ಸಲ ಮಾಹಿತಿ ಸೋರಿಹೋಗಿದೆ.

ಕೆಲವು ತಿಂಗಳ ನಂತರ ನಿಜವಾದ ಆಪತ್ತು ಬಂದಿತು. ಬೇರೆ ಶಾಲೆಯ ಹುಡುಗಿಯೆಂದು ಹೇಳಿಕೊಂಡು ಸ್ನೇಹ ಬೆಳೆಸಿದ ಯಾರೋ, ಶಾಲಾ ವಾರ್ಷಿಕೋತ್ಸವದ ಚಿತ್ರದಿಂದ ಈಕೆಯ ಮುಖವನ್ನು ತೆಗೆದು ಅಶ್ಲೀಲ ಚಿತ್ರಕ್ಕೆ ಜೋಡಿಸಿ, ಹಣ ಕೊಡದಿದ್ದರೆ ತರಗತಿಯವರಿಗೆಲ್ಲ ಕಳುಹಿಸುವೆನೆಂದು ಬೆದರಿಸಿದರು. ಹುಡುಗಿ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ತಂದೆಯ ಫೋನಿನಲ್ಲಿ ಆ ನಾಲ್ಕು ದಿನವೂ ಗಣಿತದ ಪ್ರಶ್ನೆಗಳು, ಶುಭೋದಯದ ಸಂದೇಶಗಳು ಬರುತ್ತಲೇ ಇದ್ದವು.

ಕಂಡುಹಿಡಿದವರು ಅಜ್ಜಿ. ದೀಪಕ್ಕೆ ಹೂಬತ್ತಿ ಮಾಡುತ್ತ ಕುಳಿತಿದ್ದವರು ಮೊಮ್ಮಗಳನ್ನು ಕರೆದು, "ಯಾಕ ತಂಗಿ, ನಾಕು ದಿನಾ ಆತು, ಸರಿಯಾಗಿ ಊಟಾ ಮಾಡವಲ್ಲಿ?" ಎಂದರು. ಹುಡುಗಿ ಅಳುತ್ತ ಎಲ್ಲವನ್ನೂ ಹೇಳಿದಳು. ಇನ್‌ಸ್ಟಾಗ್ರಾಮ್ ಎಂದರೇನೆಂದು ಅಜ್ಜಿಗೆ ಗೊತ್ತಿಲ್ಲ. ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಅದರಾಗ ನಿಂದೇನ ತಪ್ಪದ? ನಡಿ, ನಿಮ್ಮಪ್ಪಗ ಹೇಳೋಣು."

"ನನಗ್ಯಾಕ ಮೊದಲ ಹೇಳಲಿಲ್ಲ?" ಎಂದು ತಂದೆ ಕೇಳಿದಾಗ, "ನೀವು ಎಲ್ಲಾ ನೋಡತಿರತೀರಲ್ಲ ಅಪ್ಪಾ. ನಿಮಗ ಗೊತ್ತದ ಅನ್ಕೊಂಡಿದ್ದೆ" ಎಂದಳು ಮಗಳು. ಚುಚ್ಚಲೆಂದು ಹೇಳಿದಳೋ, ನಿಜವಾಗಿಯೂ ಹಾಗೆಯೇ ತಿಳಿದಿದ್ದಳೋ, ತಂದೆಗೆ ಇಂದಿಗೂ ಗೊತ್ತಾಗಿಲ್ಲ.

ಮುಂದಿನ ಕೆಲಸವನ್ನು ತಂದೆ ಚೆನ್ನಾಗಿಯೇ ಮಾಡಿದರು. ಹಣ ಕೊಡಲಿಲ್ಲ. ಬೆದರಿಕೆಯ ಸಂದೇಶಗಳನ್ನು ಅಳಿಸದೆ, ಅವುಗಳ ಪರದೆಚಿತ್ರ ತೆಗೆದಿಟ್ಟರು. ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಠಾಣೆಗೂ ಹೋದರು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮಕ್ಕಳೇ ನೆರವು ಕೋರಲು 1098 ಇದೆ. 18 ತುಂಬದವರ ಅಶ್ಲೀಲ ಚಿತ್ರಗಳು ಜಾಲತಾಣಗಳಲ್ಲಿ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಅಲ್ಲಿಗೆ ಚಿತ್ರವನ್ನು ಕಳುಹಿಸಬೇಕಾಗಿಲ್ಲ. ಅದರ ಸಂಖ್ಯಾರೂಪದ ಗುರುತು ನಮ್ಮ ಫೋನಿನಲ್ಲೇ ಸಿದ್ಧವಾಗಿ, ಆ ಗುರುತು ಮಾತ್ರ ಹೋಗುತ್ತದೆ. ಪ್ರತಿಯೊಂದು ಮನೆಯಲ್ಲೂ ಮಕ್ಕಳಿಗೆ ಇವನ್ನು ಮೊದಲೇ ತಿಳಿಸಿರಬೇಕು.

ಹಾಗಾದರೆ ನಿಗಾ ಬೇಡವೇ? ಖಂಡಿತ ಬೇಕು. ಹನ್ನೊಂದರ ಮಗುವಿಗೆ ಫೋನ್ ಕೊಟ್ಟು ಹಿಂದಿರುಗಿ ನೋಡದಿರುವುದು ಕರ್ತವ್ಯಲೋಪ. ಆದರೆ ರೈಲ್ವೆಯಲ್ಲಿ ಸಿಗ್ನಲ್ ಕಂಬವನ್ನು ನಿಲ್ಲಿಸುವ ಮೊದಲು ಅದು ಚಾಲಕನಿಗೆ ಎಷ್ಟು ದೂರದಿಂದ ಕಾಣುತ್ತದೆಂದು ಅಧಿಕಾರಿಗಳು ಸ್ಥಳಕ್ಕೇ ಹೋಗಿ ಪರೀಕ್ಷಿಸುತ್ತಾರೆ. ಮರದ ಹಿಂದೆ ಅಡಗಿದ ಸಿಗ್ನಲ್ಲಿನಿಂದ ಯಾವ ಗಾಡಿಯೂ ನಿಲ್ಲದು. ಮಗುವಿಗೆ ತಿಳಿದೇ ನಡೆಯುವ ನಿಗಾದ ಏರ್ಪಾಡುಗಳು ಇವೆ. ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಯಾವ ಆ್ಯಪ್ ಎಷ್ಟು ಹೊತ್ತು ಬಳಕೆಯಾಯಿತೆಂದು ಕಾಣುತ್ತದೆ, ಮಿತಿಯನ್ನೂ ಹಾಕಬಹುದು. ಇನ್‌ಸ್ಟಾಗ್ರಾಮಿನ ಪಾಲಕರ ವ್ಯವಸ್ಥೆಯಲ್ಲಿ ಹಿಂದಿನ ಏಳು ದಿನಗಳಲ್ಲಿ ಮಗು ಯಾರೊಡನೆ ಸಂದೇಶ ನಡೆಸಿತೆಂದು ತಿಳಿಯುತ್ತದೆ, ಏನು ಬರೆಯಿತೆಂದು ತಿಳಿಯುವುದಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಆ ಪ್ರಕರಣದ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಮನೆಯೊಳಗೆ ನ್ಯಾಯಾಲಯವನ್ನು ತರಬೇಕಿಲ್ಲ, ಆದರೂ ಮಕ್ಕಳು ಆ ಶಬ್ದವನ್ನು ಬಲ್ಲರು.

ಆ ಮನೆಯಲ್ಲಿ ಈಗ ಗುಪ್ತ ಆ್ಯಪ್ ಇಲ್ಲ. ಅದನ್ನು ತೆಗೆಯುವಾಗ ತಂದೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆಗೆದರು. ಎರಡನೆಯ ಖಾತೆಯನ್ನು ಮಗಳೇ ತೋರಿಸಿದಳು, ನಿಜವಾದ ಜನ್ಮವರ್ಷವನ್ನೂ ತಾನೇ ಸರಿಪಡಿಸಿದಳು. ರಾತ್ರಿ ಹತ್ತಕ್ಕೆ ಫೋನನ್ನು ದೇವರ ಮನೆಯ ಹೊರಗಿನ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಬೇಕೆಂದು ಗೊತ್ತಾಯಿತು. ಅದಕ್ಕೆ ಮಗಳು ಹಾಕಿದ ಷರತ್ತು ಒಂದೇ, ಮನೆಯ ಎಲ್ಲರ ಫೋನುಗಳೂ ಅಲ್ಲಿಯೇ ಇರಬೇಕು. ತಂದೆ ಒಪ್ಪಿದರು. ಮೊದಲನೆಯ ವಾರ ರಾತ್ರಿ ಹನ್ನೊಂದೂವರೆಗೆ ಎದ್ದುಬಂದು ಕತ್ತಲೆಯಲ್ಲಿ ಆ ಕಟ್ಟೆಯನ್ನು ತಡಕಾಡುತ್ತಿದ್ದವರು ಅವರೇ ಎಂದು ಅಜ್ಜಿ ಹೇಳಿ ನಗುತ್ತಾರೆ.

|| ಶ್ರೀಕೃಷ್ಣಾರ್ಪಣಮಸ್ತು ||